ಕರೆಂಟ್ ಬಿಲ್ಲು ಕಟ್ಟೋದು ಹೇಗೆ?



ಅಂಕಿ ಓದೋದು ನಿಮಗೆ ಈಗ ಬರ್ತದೆ. ಕೂಡೋದು, ಕಳೆಯೋದು ಬರ್ತದೆ. ಈ ಪಾಠದಲ್ಲಿ ಆ ಅಂಕಿಗಳಿಂದ ಒಂದು ಕೆಲಸ ಮಾಡೋಣ. ಮನೆಗೆ ಬರುವ ಕರೆಂಟ್ ಬಿಲ್ಲನ್ನು ನಾವೇ ಓದೋಣ. ಅದನ್ನು ಎಲ್ಲಿ ಕಟ್ಟಬೇಕು, ಹೇಗೆ ಕಟ್ಟಬೇಕು ಅಂತ ತಿಳಿಯೋಣ. ಮೊದಲು ಒಂದು ನಡೆದ ಮಾತು ಹೇಳ್ತೀನಿ.

ಬಾಗಿಲ ದೀಪ ಆರಿತು

2023ರ ಮಳೆಗಾಲ. ಮನೂರ್ ಕಡೆಯ ಒಂದು ಹಳ್ಳಿ. ನಮ್ಮ ಕೇಂದ್ರಕ್ಕೆ ಕಲಿಯಲು ಬರುವ ಒಬ್ಬ ದೊಡ್ಡವ್ವ ಅಲ್ಲಿದ್ದಾರೆ. ಅವರ ಮಗ ದುಡಿಯಲು ಹೈದರಾಬಾದಿಗೆ ಹೋಗಿದ್ದ. ಮನೆಯಲ್ಲಿ ದೊಡ್ಡವ್ವ, ಸೊಸೆ, ಒಬ್ಬ ಸಣ್ಣ ಮೊಮ್ಮಗ. ಅಂಗಳದಲ್ಲಿ ನಾಲ್ಕು ಆಡು. ರಾತ್ರಿಯೆಲ್ಲ ಬಾಗಿಲ ಮುಂದೆ ಒಂದು ಬಲ್ಬು ಉರಿಯುತ್ತಿತ್ತು. "ಗಂಡಸರಿಲ್ಲದ ಮನಿಗಿ ಈ ದೀಪಾನೇ ಕಾವಲು" ಅಂತ ದೊಡ್ಡವ್ವ ಹೇಳುತ್ತಿದ್ದರು.

ಒಂದು ದಿನ ಲೈನ್‌ಮನ್ ಬಂದ. ಮನೆಯ ಲೈನ್ ಕಟ್ ಮಾಡಿ ಹೋದ. ಆ ರಾತ್ರಿ ಮನೆಯವರು ಯಾರೂ ನಿದ್ದೆ ಮಾಡಲಿಲ್ಲ. ಅತ್ತೆ ಸೊಸೆ ಇಬ್ಬರೂ ಕಂದೀಲು ಇಟ್ಟುಕೊಂಡು ಆಡು ಕಾಯುತ್ತಾ ಕೂತರು.

ಮರುದಿನ ದೊಡ್ಡವ್ವ ಕೇಂದ್ರಕ್ಕೆ ಬಂದರು. "ಅಕ್ಕೋರೆ, ನಾ ತಿಂಗಳಾ ತಿಂಗಳಾ ರೊಕ್ಕಾ ಕೊಟ್ಟೀನಿ. ಒಂದು ದಿನಾನೂ ತಪ್ಪಿಸಿಲ್ಲ. ಆದ್ರೂ ಯಾಕ ಲೈನ್ ಕಟ್ ಮಾಡ್ಯಾರ?" ಅಂತ ಕೇಳಿದರು.

"ರೊಕ್ಕಾ ಯಾರ ಕೈಯಾಗ ಕೊಟ್ರಿ ದೊಡ್ಡವ್ವಾ?" ಅಂತ ಕೇಳಿದೆ.

"ಅಂಗಡಿ ಹುಡುಗನ ಕೈಯಾಗ. ಅವ ಫೋನಿನ್ಯಾಗ ಕಟ್ತಾನ. 'ಆಯ್ತು, ಹೋಗ್ರಿ' ಅಂದ. ನಾ ಬಂದೆ."

"ರಸೀದಿ ಕೊಟ್ಟನಾ?"

"ಇಲ್ಲ. ನಾ ಕೇಳಲೂ ಇಲ್ಲ."

ಮನೆಯಲ್ಲಿ ಒಂದು ತಂತಿಗೆ ಎಲ್ಲ ಬಿಲ್ಲುಗಳನ್ನು ಚುಚ್ಚಿ ಇಟ್ಟಿದ್ದರು. ಅದನ್ನು ತರಿಸಿ ಇಬ್ಬರೂ ಕೂತು ನೋಡಿದೆವು. ಆ ತಿಂಗಳ ಬಿಲ್ಲಿನಲ್ಲಿ ಹಿಂದಿನ ಬಾಕಿ ಅಂತ ಬರೆದಿತ್ತು. ಅಂದರೆ ಹಿಂದಿನ ತಿಂಗಳ ಹಣ ಕಂಪನಿಗೆ ಮುಟ್ಟಿರಲಿಲ್ಲ. ಅಂಗಡಿಗೆ ಹೋಗಿ ಹುಡುಗನ ಫೋನು ನೋಡಿದೆವು. ಅವನು ಹಣ ತಿಂದಿರಲಿಲ್ಲ. ಕಟ್ಟಿದ್ದ. ಆದರೆ ನಂಬರ್ ಒತ್ತುವಾಗ ಎರಡು ಅಂಕಿ ಹಿಂದೆ ಮುಂದೆ ಆಗಿದ್ದವು. ಅದೇ ತಪ್ಪು ನಂಬರು ಅವನ ಫೋನಿನಲ್ಲಿ ಉಳಿದಿತ್ತು. ಎರಡು ತಿಂಗಳ ಹಣ ಬೇರೆ ಯಾರದೋ ಮನೆಯ ಲೆಕ್ಕಕ್ಕೆ ಹೋಗಿತ್ತು.

ಆ ಹಣ ವಾಪಸ್ಸು ಬರಲಿಲ್ಲ. ದೊಡ್ಡವ್ವ ಎರಡು ತಿಂಗಳ ಬಿಲ್ಲು ಮತ್ತೆ ಕಟ್ಟಿದರು. ಲೈನ್ ಜೋಡಿಸುವ ಶುಲ್ಕವನ್ನೂ ಕಟ್ಟಿದರು. ಅದಕ್ಕಾಗಿ ಒಂದು ಆಡು ಮಾರಿದರು. "ಕಾಗದ ತಿಂಗಳ ಮೊದಲೇ ಹೇಳಿತ್ತು. ನನಗ ಓದಾಕ ಬರಲಿಲ್ಲ" ಅಂತ ಅಂದರು.

ಈ ಮಾತಿನಿಂದ ನಾವು ಕಲಿಯಬೇಕಾದ್ದು ಒಂದೇ. ಹಣ ಕೈಬಿಟ್ಟರೆ ಬಿಲ್ಲು ಕಟ್ಟಿದಂತೆ ಅಲ್ಲ. ನಮ್ಮ ನಂಬರ್ ಇರುವ ರಸೀದಿ ಕೈಗೆ ಬಂದರೆ ಮಾತ್ರ ಕಟ್ಟಿದಂತೆ.

ಮೊದಲು ಬಿಲ್ಲು ಓದೋಣ

ಮನೂರ್, ನಾರಾಯಣಖೇಡ್, ಜಹೀರಾಬಾದ್ ಈಗ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ. ತಾಂಡೂರ್ ವಿಕಾರಾಬಾದ್ ಜಿಲ್ಲೆಯಲ್ಲಿದೆ. ಈ ಎಲ್ಲ ಊರುಗಳಿಗೆ ಕರೆಂಟ್ ಕೊಡುವ ಕಂಪನಿ ಒಂದೇ. ಅದು ತೆಲಂಗಾಣ ದಕ್ಷಿಣ ವಿದ್ಯುತ್ ವಿತರಣಾ ಕಂಪನಿ. ಚಿಕ್ಕದಾಗಿ ಟಿಜಿಎಸ್‌ಪಿಡಿಸಿಎಲ್ ಅಂತಾರೆ. 2014ರಲ್ಲಿ ತೆಲಂಗಾಣ ರಾಜ್ಯ ಆದ ಮೇಲೆ ಇದಕ್ಕೆ ಟಿಎಸ್‌ಎಸ್‌ಪಿಡಿಸಿಎಲ್ ಅಂತ ಹೆಸರಿತ್ತು. 2024ರಲ್ಲಿ ಹೆಸರು ಬದಲಾಯಿತು. ಹಳೆಯ ಬಿಲ್ಲಿನ ಮೇಲೆ ಹಳೆಯ ಹೆಸರು ಇದ್ದರೆ ಗಾಬರಿ ಆಗಬೇಡಿ. ಕಂಪನಿ ಅದೇ.

ಬಿಲ್ಲು ಕನ್ನಡದಲ್ಲಿ ಇರೋದಿಲ್ಲ. ಆದರೆ ಬಿಲ್ಲಿನಲ್ಲಿ ಹೆಚ್ಚಿಗೆ ಇರೋದು ಅಂಕಿಗಳು. ಅಂಕಿ ನಿಮಗೆ ಬರ್ತದೆ. ಓದುವ ಮಕ್ಕಳನ್ನು ಹತ್ತಿರ ಕೂಡಿಸಿಕೊಳ್ಳಿ. ಕೆಳಗಿನ ಐದು ವಿಷಯ ಎಲ್ಲಿವೆ ಅಂತ ಒಂದು ಸಲ ತೋರಿಸಿಕೊಳ್ಳಿ. ಪೆನ್ನಿನಿಂದ ಅವುಗಳ ಕೆಳಗೆ ಗೆರೆ ಎಳೆಯಿರಿ. ಮುಂದಿನ ತಿಂಗಳಿನಿಂದ ನೀವೇ ನೋಡಬಹುದು.

1. ಹೆಸರು. ಮೀಟರ್ ಯಾರ ಹೆಸರಿನಲ್ಲಿ ಇದೆಯೋ ಅವರ ಹೆಸರು ಇರ್ತದೆ. ಎಷ್ಟೋ ಮನೆಗಳಲ್ಲಿ ಅದು ಮಾವನ ಹೆಸರು, ತೀರಿಹೋದ ಗಂಡನ ಹೆಸರು. ಬಿಲ್ಲು ಯಾರ ಹೆಸರಿನಲ್ಲಿ ಬರ್ತದೆ ಅಂತ ಮನೆಯವರಿಗೆಲ್ಲ ಗೊತ್ತಿರಬೇಕು.

2. ಯುಎಸ್‌ಸಿ ನಂಬರ್. ಇದು ಬಹಳ ಮುಖ್ಯ. ಇದರಲ್ಲಿ 9 ಅಂಕಿ ಇರ್ತವೆ. ನಿಮ್ಮ ಮನೆಯ ನಂಬರ್ ಬೇರೆ ಯಾರಿಗೂ ಇರೋದಿಲ್ಲ. ಬಿಲ್ಲಿನಲ್ಲಿ ಸರ್ವಿಸ್ ನಂಬರ್, ಮೀಟರ್ ನಂಬರ್ ಅಂತ ಬೇರೆ ನಂಬರುಗಳೂ ಇರ್ತವೆ. ಹಣ ಕಟ್ಟಲು ಕೇಳೋದು ಯುಎಸ್‌ಸಿ ನಂಬರ್.

3. ಯೂನಿಟ್. ಹಿಂದಿನ ರೀಡಿಂಗ್, ಈಗಿನ ರೀಡಿಂಗ್ ಅಂತ ಎರಡು ಅಂಕಿ ಇರ್ತವೆ. ಈಗಿನದರಲ್ಲಿ ಹಿಂದಿನದನ್ನು ಕಳೆಯಿರಿ. ಅದೇ ನೀವು ಉರಿಸಿದ ಯೂನಿಟ್.

4. ಬಾಕಿ ಮತ್ತು ಒಟ್ಟು ಹಣ. ಹೋದ ತಿಂಗಳು ಹಣ ಕಟ್ಟಿದ್ದೀರಿ. ಆದರೂ ಈ ತಿಂಗಳು ಬಾಕಿ ಬಂದಿದೆ. ಹಾಗಿದ್ದರೆ ನಿಮ್ಮ ಹಣ ಮುಟ್ಟಿಲ್ಲ ಅಂತ ತಿಳಿಯಿರಿ. ಅವತ್ತೇ ವಿಚಾರಿಸಿ.

5. ಕೊನೆ ತಾರೀಖು. ಯಾವ ದಿನದೊಳಗೆ ಕಟ್ಟಬೇಕು ಅನ್ನೋದು ಒಂದು ತಾರೀಖು. ಕಟ್ಟದಿದ್ದರೆ ಯಾವ ದಿನ ಲೈನ್ ಕಟ್ ಆಗ್ತದೆ ಅನ್ನೋದು ಇನ್ನೊಂದು ತಾರೀಖು.

ಒಂದು ಲೆಕ್ಕ ಮಾಡೋಣ. ಈಗಿನ ರೀಡಿಂಗ್ 2725. ಹಿಂದಿನ ರೀಡಿಂಗ್ 2640. ಕಳೆದರೆ 85 ಯೂನಿಟ್. 2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರ ಹೀಗಿದೆ. ತಿಂಗಳಿಗೆ 100 ಯೂನಿಟ್ ಒಳಗೆ ಉರಿಸುವ ಮನೆಗೆ ಮೊದಲ 50 ಯೂನಿಟ್‌ಗೆ 1 ರೂಪಾಯಿ 95 ಪೈಸೆ. ಅದರ ಮೇಲಿನ ಯೂನಿಟ್‌ಗೆ 3 ರೂಪಾಯಿ 10 ಪೈಸೆ.

50 ಯೂನಿಟ್‌ಗೆ 97 ರೂಪಾಯಿ 50 ಪೈಸೆ.
35 ಯೂನಿಟ್‌ಗೆ 108 ರೂಪಾಯಿ 50 ಪೈಸೆ.
ಕೂಡಿದರೆ 206 ರೂಪಾಯಿ.

ಇದರ ಮೇಲೆ ಗ್ರಾಹಕ ಶುಲ್ಕ, ವಿದ್ಯುತ್ ತೆರಿಗೆ ಸೇರಿ ಒಟ್ಟು ಬಿಲ್ಲು ಆಗ್ತದೆ.

ಕಟ್ಟುವ ದಾರಿಗಳು

ಬಿಲ್ಲು ಕಟ್ಟಲು ಹಲವು ದಾರಿ ಇವೆ. ನಿಮಗೆ ಯಾವುದು ಸುಲಭವೋ ಅದನ್ನು ಹಿಡಿಯಿರಿ. ಯಾವ ದಾರಿ ಹಿಡಿದರೂ ರಸೀದಿ ಬಿಡಬೇಡಿ.

ಮೊದಲನೇ ದಾರಿ, ಕಂಪನಿಯ ಕೌಂಟರ್. ವಿದ್ಯುತ್ ಕಂಪನಿಯ ವಸೂಲಿ ಕಚೇರಿಗೆ ಇಆರ್‌ಒ ಅಂತಾರೆ. ನಿಮ್ಮದು ಯಾವ ಇಆರ್‌ಒ ಅಂತ ಬಿಲ್ಲಿನ ಮೇಲೆ ಇರ್ತದೆ. ಬಿಲ್ಲು ತೆಗೆದುಕೊಂಡು ಹೋಗಿ. ನಗದು ಕೊಟ್ಟು ರಸೀದಿ ತೆಗೆದುಕೊಳ್ಳಿ. ಬಾಕಿ, ತಪ್ಪು ರೀಡಿಂಗ್ ಏನಾದರೂ ಇದ್ದರೆ ಅಲ್ಲಿಯೇ ಕೇಳಬಹುದು. ಹೋಗಿ ಬರಲು ಬಸ್ಸಿನ ಖರ್ಚು ಆಗ್ತದೆ ಅನ್ನೋದು ನಿಜ. ಸಂತೆಗೆ ಹೋಗುವ ದಿನ ಈ ಕೆಲಸವನ್ನೂ ಮುಗಿಸಿ ಬನ್ನಿ. ಆದರೆ ಕೊನೆ ತಾರೀಖು ದಾಟಿಸಬೇಡಿ.

ಎರಡನೇ ದಾರಿ, ಮೀಸೇವಾ ಕೇಂದ್ರ. ಮೀಸೇವಾ 2011ರಲ್ಲಿ ಶುರುವಾಯಿತು. ಆದಾಯ ಪತ್ರ, ಜಾತಿ ಪತ್ರ ಮಾಡಿಸಲು ನೀವು ಹೋಗಿರಬಹುದು. ಅಲ್ಲಿಯೇ ಕರೆಂಟ್ ಬಿಲ್ಲನ್ನೂ ಕಟ್ಟಬಹುದು. ಅಲ್ಲಿ ಛಾಪಿಸಿದ ರಸೀದಿ ಕೊಡ್ತಾರೆ. ನೀವು ಕೊಟ್ಟ ಹಣ, ರಸೀದಿಯಲ್ಲಿ ಇರುವ ಹಣ ಎರಡೂ ಒಂದೇ ಇದೆಯಾ ನೋಡಿ. ಹೆಚ್ಚು ಕೇಳಿದರೆ ಯಾಕೆ ಅಂತ ಕೇಳಿ. ಕೇಳೋದು ನಿಮ್ಮ ಹಕ್ಕು.

ಮೂರನೇ ದಾರಿ, ನಿಮ್ಮ ಸ್ವಂತ ಫೋನು. ಕಂಪನಿಯದೇ ಆ್ಯಪ್ ಇದೆ. ಫೋನ್‌ಪೇ, ಗೂಗಲ್ ಪೇ, ಪೇಟಿಎಂ ಥರದ ಆ್ಯಪ್‌ಗಳಲ್ಲೂ ಕಟ್ಟಬಹುದು. 2024ರ ಜುಲೈನಲ್ಲಿ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಈ ಆ್ಯಪ್‌ಗಳಲ್ಲಿ ನಮ್ಮ ಕರೆಂಟ್ ಬಿಲ್ಲು ಕಟ್ಟೋದು ಕೆಲ ದಿನ ನಿಂತಿತ್ತು. ಆಮೇಲೆ ಕಂಪನಿ ಭಾರತ್ ಬಿಲ್ ಪಾವತಿ ವ್ಯವಸ್ಥೆಗೆ ಸೇರಿತು. ಮತ್ತೆ ಶುರುವಾಯಿತು. ಈ ವ್ಯವಸ್ಥೆಗೆ ಈಗ ಭಾರತ್ ಕನೆಕ್ಟ್ ಅಂತಾರೆ.

ಫೋನಿನಲ್ಲಿ ಕಟ್ಟೋ ಕ್ರಮ ಹೀಗೆ:
ವಿದ್ಯುತ್ ಬಿಲ್ ಅನ್ನೋದನ್ನು ಒತ್ತಿ.
ಕಂಪನಿಯ ಹೆಸರು ಆರಿಸಿ.
9 ಅಂಕಿಯ ಯುಎಸ್‌ಸಿ ನಂಬರ್ ಹಾಕಿ.
ಹೆಸರು ಮತ್ತು ಹಣ ಕಾಣ್ತದೆ. ಬಿಲ್ಲಿನ ಜೊತೆ ಹೋಲಿಸಿ ನೋಡಿ.
ಎರಡೂ ಸರಿ ಇದ್ದರೆ ಮಾತ್ರ ಪಿನ್ ಹಾಕಿ.
ರಸೀದಿ ಬಂದ ಮೇಲೆ ಅದನ್ನು ಫೋನಿನಲ್ಲಿ ಉಳಿಸಿ.

ನಾಲ್ಕನೇ ದಾರಿ, ಊರಿನ ಅಂಗಡಿ. ನಮ್ಮಲ್ಲಿ ಬಹಳ ಮಂದಿ ಹೀಗೇ ಕಟ್ಟುತ್ತಾರೆ. ತಪ್ಪೇನಿಲ್ಲ. ಆದರೆ ಕ್ರಮ ತಪ್ಪಬಾರದು. ಹಣ ಮೊದಲು ಕೊಡಬೇಡಿ. "ತಮ್ಮಾ, ನಂಬರ್ ಹಾಕು. ಯಾರ ಹೆಸರು ಬಂತು ಹೇಳು" ಅನ್ನಿ. ನಿಮ್ಮ ಬಿಲ್ಲಿನ ಹೆಸರನ್ನೇ ಹೇಳಿದರೆ ಹಣ ಕೊಡಿ. ಬೇರೆ ಹೆಸರು ಬಂದರೆ ನಂಬರ್ ತಪ್ಪಾಗಿದೆ. ಕಟ್ಟಿದ ಮೇಲೆ ರಸೀದಿ ಛಾಪಿಸಿ ಕೊಡಲು ಹೇಳಿ. ಛಾಪಿಸುವ ಮಷಿನ್ ಇಲ್ಲದಿದ್ದರೆ ನಿಮ್ಮ ಮಗನ ಫೋನಿಗೆ, ಮಗಳ ಫೋನಿಗೆ ಕಳಿಸಲು ಹೇಳಿ.

9 ಅಂಕಿ ಒಂದೇ ಸಲ ಓದೋದು ಕಷ್ಟ. ಮೂರು ಮೂರು ಮಾಡಿ ಓದಿ. 123, 456, 789 ಅಂತ. 123, 465, 789 ಆದರೆ ಅದು ಬೇರೆಯವರ ಮನೆ. ದೊಡ್ಡವ್ವನಿಗೆ ಆದದ್ದು ಇದೇ.

ಗಡಿ ಊರಿನವರಿಗೆ ಒಂದು ಮಾತು

ನಮ್ಮ ಊರುಗಳು ಗಡಿಯಲ್ಲಿವೆ. ಮಗಳನ್ನು ಬೀದರಿಗೆ ಕೊಟ್ಟಿರುತ್ತೇವೆ. ಸೊಸೆಯನ್ನು ಔರಾದ್ ಕಡೆಯಿಂದ ತಂದಿರುತ್ತೇವೆ. ಬೀದರ್, ಕಲಬುರಗಿ ಕಡೆ ಕರೆಂಟ್ ಕೊಡೋದು ಜೆಸ್ಕಾಂ. ನಮ್ಮ ಕಡೆ ಕೊಡೋದು ತೆಲಂಗಾಣದ ದಕ್ಷಿಣ ಕಂಪನಿ. ವರಂಗಲ್ ಕಡೆ ಕೊಡೋದು ತೆಲಂಗಾಣದ ಉತ್ತರ ಕಂಪನಿ. ಫೋನಿನಲ್ಲಿ ಈ ಎಲ್ಲ ಹೆಸರುಗಳೂ ಬರ್ತವೆ. ಬೀದರಿನಿಂದ ಬಂದ ಅಳಿಯ ಅವಸರದಲ್ಲಿ ಜೆಸ್ಕಾಂ ಒತ್ತಿಬಿಡಬಹುದು. ಮೊದಲು ಕಂಪನಿ ಸರಿ ಇದೆಯಾ ನೋಡಿ. ಆಮೇಲೆ ನಂಬರ್ ಹಾಕಿ.

ಹಣ ಹೋಯಿತು, ರಸೀದಿ ಬರಲಿಲ್ಲ. ಏನು ಮಾಡಬೇಕು?

ಕೆಲವು ಸಲ ಹೀಗಾಗ್ತದೆ. ಖಾತೆಯಿಂದ ಹಣ ಕಡಿಮೆ ಆಗ್ತದೆ. ಆದರೆ ಫೋನಿನಲ್ಲಿ ಕೆಲಸ ಪೂರ್ತಿ ಆಗಿಲ್ಲ ಅಂತ ಬರ್ತದೆ. ಅವಸರ ಮಾಡಿ ಕೂಡಲೇ ಎರಡನೇ ಸಲ ಕಟ್ಟಬೇಡಿ. ಸ್ವಲ್ಪ ಹೊತ್ತು ಬಿಟ್ಟು ನೋಡಿ. 2019ರಲ್ಲಿ ರಿಸರ್ವ್ ಬ್ಯಾಂಕ್ ಒಂದು ನಿಯಮ ಮಾಡಿದೆ. ಅಂಗಡಿಗೆ, ಕಂಪನಿಗೆ ಯುಪಿಐ ಮೂಲಕ ಕಟ್ಟಿದ ಹಣ ಆ ಕಡೆ ಮುಟ್ಟದಿದ್ದರೆ 5 ದಿನದೊಳಗೆ ತಾನಾಗಿ ಖಾತೆಗೆ ವಾಪಸ್ಸು ಬರಬೇಕು. ತಡ ಆದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಆದ್ದರಿಂದ ಕೊನೆ ದಿನದ ತನಕ ಕಾಯಬೇಡಿ. ನಾಲ್ಕೈದು ದಿನ ಮೊದಲೇ ಕಟ್ಟಿ.

ಆದರೆ ಒಂದು ಮಾತು ನೆನಪಿರಲಿ. ಮಧ್ಯದಲ್ಲಿ ಸಿಕ್ಕಿಕೊಂಡ ಹಣಕ್ಕೆ ಈ ನಿಯಮ ಇದೆ. ತಪ್ಪು ನಂಬರಿಗೆ ಹೋಗಿ ಮುಟ್ಟಿದ ಹಣದ ಮಾತು ಬೇರೆ. ಅದನ್ನು ವಾಪಸ್ಸು ತರೋದು ಬಹಳ ಕಷ್ಟ.

ಸೊನ್ನೆ ಬಿಲ್ಲು ಬಂದರೆ

ತೆಲಂಗಾಣದಲ್ಲಿ ಗೃಹ ಜ್ಯೋತಿ ಯೋಜನೆ 2024ರಲ್ಲಿ ಶುರುವಾಯಿತು. ಬಿಳಿ ರೇಷನ್ ಕಾರ್ಡ್ ಇರುವ ಮನೆ ತಿಂಗಳಿಗೆ 200 ಯೂನಿಟ್ ತನಕ ಉರಿಸಿದರೆ ಬಿಲ್ಲು ಸೊನ್ನೆ ಬರ್ತದೆ. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ಕಟ್ಟಬೇಕು. ಬರೀ ಹೆಚ್ಚಿನ ಯೂನಿಟ್‌ಗೆ ಕಟ್ಟಿದರೆ ಸಾಲದು. ಅದಕ್ಕೇ ಸೊನ್ನೆ ಬಿಲ್ಲು ಬಂದರೂ ಯೂನಿಟ್ ಓದಿ. 190 ಆಯಿತು ಅಂದರೆ ಮುಂದಿನ ತಿಂಗಳು ಹುಷಾರಾಗಿ ಉರಿಸಿ.

ಕಾರ್ಡ್ ಇದೆ, ಆದರೂ ಸೊನ್ನೆ ಬಿಲ್ಲು ಬರ್ತಿಲ್ಲವಾ? ರೇಷನ್ ಕಾರ್ಡ್, ಆಧಾರ್, ಕರೆಂಟ್ ಬಿಲ್ಲು ಮೂರನ್ನೂ ತೆಗೆದುಕೊಂಡು ಎಂಪಿಡಿಒ ಕಚೇರಿಯಲ್ಲಿ ವಿಚಾರಿಸಿ. ಕರ್ನಾಟಕದಲ್ಲೂ ಗೃಹ ಜ್ಯೋತಿ ಅಂತಲೇ ಯೋಜನೆ ಇದೆ. ಅದು 2023ರಲ್ಲಿ ಬಂತು. ಹೆಸರು ಒಂದೇ, ನಿಯಮ ಬೇರೆ. ಬೀದರಿನ ಬೀಗರ ಲೆಕ್ಕ ನಮಗೆ ನಡೆಯೋದಿಲ್ಲ.

"ಇವತ್ತು ರಾತ್ರಿ ಕಟ್ ಮಾಡ್ತೀವಿ" ಅಂದರೆ

2022ರ ಸುಮಾರಿಗೆ ದೇಶದ ತುಂಬ ಒಂದು ಮೋಸ ನಡೀತು. ಈಗಲೂ ನಡೀತಿದೆ. ಫೋನಿಗೆ ಒಂದು ಮೆಸೇಜ್ ಬರ್ತದೆ. "ನೀವು ಬಿಲ್ಲು ಕಟ್ಟಿಲ್ಲ. ಇವತ್ತು ರಾತ್ರಿ ಒಂಬತ್ತೂವರೆಗೆ ನಿಮ್ಮ ಕರೆಂಟ್ ಕಟ್ ಆಗ್ತದೆ. ಕೂಡಲೇ ಈ ಆಫೀಸರಿಗೆ ಫೋನ್ ಮಾಡಿ" ಅಂತ. ಫೋನ್ ಮಾಡಿದರೆ ಒಂದು ಆ್ಯಪ್ ಹಾಕಿಕೊಳ್ಳಿ ಅಂತಾರೆ. ಹಾಕಿಕೊಂಡರೆ ನಿಮ್ಮ ಫೋನು ಅವರಿಗೆ ಕಾಣ್ತದೆ. ಖಾತೆ ಖಾಲಿ ಆಗ್ತದೆ.

ಕಾನೂನು ಏನು ಹೇಳ್ತದೆ ಕೇಳಿ. 2003ರ ವಿದ್ಯುತ್ ಕಾಯ್ದೆಯ 56ನೇ ಕಲಮು ಇದೆ. ಹಣ ಕಟ್ಟದ ಮನೆಯ ಲೈನ್ ಕಟ್ ಮಾಡಬೇಕಾದರೆ ಕಂಪನಿ ಪೂರ್ತಿ 15 ದಿನ ಮೊದಲು ಬರಹದಲ್ಲಿ ತಿಳಿಸಬೇಕು. ಆದ್ದರಿಂದ "ಇವತ್ತೇ ರಾತ್ರಿ" ಅನ್ನೋ ಮೆಸೇಜ್ ನಂಬಬೇಡಿ. ಆ ನಂಬರಿಗೆ ಫೋನ್ ಮಾಡಬೇಡಿ. ಅನುಮಾನ ಬಂದರೆ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ಕೇಳಿ. ಓಟಿಪಿ, ಪಿನ್ ಯಾರಿಗೂ ಹೇಳಬೇಡಿ. ಹಣ ಹೋಗಿಬಿಟ್ಟರೆ ನಾಚಿಕೆ ಪಟ್ಟು ಸುಮ್ಮನೆ ಕೂರಬೇಡಿ. ಕೂಡಲೇ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟು ಹಣ ತಡೆಯಲು ಅನುಕೂಲ.

ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ. ಎರಡು ಬಲ್ಬು, ಒಂದು ಫ್ಯಾನ್ ಇರುವ ಮನೆಗೆ ಸಾವಿರಾರು ರೂಪಾಯಿ ಬಿಲ್ಲು ಬಂತು ಅನ್ನಿ. ಬಿಲ್ಲು ತಪ್ಪು ಅಂತ ಬರೆದು ಕೊಡಿ. ತಕರಾರು ಇದೆ ಅಂತ ತಿಳಿಸಿ ಹಣ ಕಟ್ಟಿ. ಎಷ್ಟು ಕಟ್ಟಬೇಕು? ಕಂಪನಿ ಕೇಳಿದ ಹಣ ಒಂದು. ಹಿಂದಿನ ಆರು ತಿಂಗಳ ಸರಾಸರಿ ಇನ್ನೊಂದು. ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಕಟ್ಟಿದರೆ ಸಾಕು. ತಕರಾರು ಮುಗಿಯುವ ತನಕ ಲೈನ್ ಕಟ್ ಮಾಡುವಂತಿಲ್ಲ. ಸರಾಸರಿ ತೋರಿಸಲು ಹಿಂದಿನ ರಸೀದಿಗಳು ಬೇಕು. ರಸೀದಿ ಇಡಿ ಅನ್ನೋದು ಇದಕ್ಕೂ ಸೇರಿ.

ರಸೀದಿ ಇಡೋದು ಹೇಗೆ?

ಮೀಟರ್ ಓದುವವರು ಕೊಡುವ ಕಾಗದದ ಅಕ್ಷರ ಕೆಲ ತಿಂಗಳಲ್ಲಿ ಮಾಸಿಹೋಗ್ತದೆ. ಬಿಸಿಲಿಗೆ, ಒಲೆಯ ಬಿಸಿಗೆ ಇನ್ನೂ ಬೇಗ ಮಾಸ್ತದೆ. ಅದಕ್ಕೆ ಒಂದು ಸಣ್ಣ ನೋಟ್‌ಬುಕ್ ಮಾಡಿ. ತಿಂಗಳು, ಯೂನಿಟ್, ಕಟ್ಟಿದ ಹಣ, ಕಟ್ಟಿದ ತಾರೀಖು, ರಸೀದಿ ನಂಬರ್. ಈ ಐದನ್ನು ಬರೆಯಿರಿ. ತಿಂಗಳಿಗೆ ಒಂದು ಸಾಲು ಸಾಕು.

ದೊಡ್ಡವ್ವ ಈಗ ಇಂಥ ಒಂದು ಪುಸ್ತಕ ಇಟ್ಟಿದ್ದಾರೆ. ಅವರ ಮನೆಗೆ ಈಗ ಸೊನ್ನೆ ಬಿಲ್ಲು ಬರ್ತದೆ. ಆದರೂ ಮೀಟರ್ ಓದುವವರು ಬಂದ ದಿನ ಕನ್ನಡಕ ಹಾಕಿಕೊಂಡು ಕೂರ್ತಾರೆ. 9 ಅಂಕಿಯನ್ನು ಬೆರಳಿಟ್ಟು ಓದ್ತಾರೆ. ಯೂನಿಟ್ ಕಳೆದು ನೋಡ್ತಾರೆ. ಹೋದ ತಿಂಗಳು ಪಕ್ಕದ ಮನೆಯ ಸೊಸೆ ಬಿಲ್ಲು ಹಿಡಿದುಕೊಂಡು ಅಂಗಡಿಗೆ ಹೊರಟಿದ್ದಳು. ದೊಡ್ಡವ್ವ ಕೂಗಿ ನಿಲ್ಲಿಸಿದರು. "ಯಾರ ಹೆಸರು ಬಂತು ಅಂತ ಕೇಳಿ ರೊಕ್ಕಾ ಕೊಡವ್ವಾ. ರಸೀದಿ ಇಲ್ದೆ ಬರಬ್ಯಾಡ" ಅಂತ ಹೇಳಿ ಕಳಿಸಿದರು.

ನೆನಪಿಡಿ

ಕಂಪನಿ ಸರಿ ಇದೆಯಾ ನೋಡಿ.
9 ಅಂಕಿ ಮೂರು ಮೂರು ಮಾಡಿ ಓದಿ.
ಹೆಸರು ಕೇಳಿ, ಆಮೇಲೆ ಹಣ ಕೊಡಿ.
ರಸೀದಿ ತೆಗೆದುಕೊಳ್ಳಿ.
ಮುಂದಿನ ಬಿಲ್ಲಿನಲ್ಲಿ ಬಾಕಿ ಸೊನ್ನೆ ಇದೆಯಾ ನೋಡಿ.
ಕರೆಂಟಿನ ವಿಚಾರಕ್ಕೆ 1912. ಫೋನಿನಲ್ಲಿ ಮೋಸ ಆದರೆ 1930.

ಅಭ್ಯಾಸ

1. ನಿಮ್ಮ ಮನೆಯ ಬಿಲ್ಲು ಯಾರ ಹೆಸರಿನಲ್ಲಿ ಇದೆ? ಬರೆಯಿರಿ.
2. ನಿಮ್ಮ ಯುಎಸ್‌ಸಿ ನಂಬರನ್ನು ಮೂರು ಮೂರು ಅಂಕಿ ಮಾಡಿ ನೋಟ್‌ಬುಕ್‌ನಲ್ಲಿ ಬರೆಯಿರಿ.
3. ಈಗಿನ ರೀಡಿಂಗ್ 4318. ಹಿಂದಿನ ರೀಡಿಂಗ್ 4226. ಎಷ್ಟು ಯೂನಿಟ್ ಆಯಿತು?
4. ಹೋದ ತಿಂಗಳು ಹಣ ಕಟ್ಟಿದ್ದೀರಿ. ಈ ತಿಂಗಳು ಬಾಕಿ ಬಂದಿದೆ. ಏನು ಮಾಡ್ತೀರಿ? ಪಕ್ಕದವರ ಜೊತೆ ಮಾತಾಡಿ.

ಮುಂದಿನ ತರಗತಿಗೆ ಎಲ್ಲರೂ ತಮ್ಮ ತಮ್ಮ ಮನೆಯ ಬಿಲ್ಲು ತನ್ನಿ. ಎಲ್ಲರೂ ಕೂತು ಓದೋಣ.